ಬರಿದಲೆಯ ಓವರ್

ಆ ಭಾನುವಾರ ಬೆಳಗ್ಗೆ ನಾನು ಕ್ಯಾಪ್ಟನ್ ಮನೆಗೆ ಹೋದಾಗ ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಮಾವ ಸೊಸೆ ಇಬ್ಬರಿಗೂ ಅದರ ಪರಿವೆ ಇರಲಿಲ್ಲ. ಮಾತು ಅಷ್ಟು ಕಾವೇರಿತ್ತು.

ಕ್ಯಾಪ್ಟನ್ ಎಂದರೆ ಸೈನ್ಯದವರಲ್ಲ. ನಮ್ಮ ಮುದ್ರಣಾಲಯದಲ್ಲಿ ನಲವತ್ತು ವರ್ಷ ಕಾಗದ ಕತ್ತರಿಸಿ ನಿವೃತ್ತರಾದವರು. ಅಲ್ಲಿನ ಕ್ರಿಕೆಟ್ ಕ್ಲಬ್ಬಿಗೆ ಹದಿನೆಂಟು ವರ್ಷ ನಾಯಕರಾಗಿದ್ದರಿಂದ ಹೆಸರು ಮರೆತುಹೋಗಿ ಪಟ್ಟವೇ ಉಳಿದುಕೊಂಡಿತು. ಅವರ ಒಬ್ಬನೇ ಮಗ ಅಲ್ಲೇ ಅಚ್ಚಿನ ಯಂತ್ರ ನಡೆಸುತ್ತಿದ್ದ. ಸೊಸೆ ಬೈಂಡಿಂಗ್ ವಿಭಾಗದಲ್ಲಿ ಪುಸ್ತಕ ಹೊಲಿಯುತ್ತಿದ್ದಳು. ನಾನು ಕರಡು ತಿದ್ದುವವನು, ಕ್ಲಬ್ಬಿನ ಕಾರ್ಯದರ್ಶಿ, ಅವರ ಪಕ್ಕದ ಮನೆಯವನು. ನಡೆದದ್ದರಲ್ಲಿ ನನ್ನ ಪಾಲೂ ಇದೆ. ಆದ್ದರಿಂದಲೇ ಬರೆಯುತ್ತಿದ್ದೇನೆ.

ನಮ್ಮ ಕ್ಲಬ್ಬಿನಲ್ಲಿ ಒಂದು ಸಂಪ್ರದಾಯವಿತ್ತು. ಪ್ರತಿ ವರ್ಷದ ಮೊದಲ ಪಂದ್ಯದಲ್ಲಿ ನಮ್ಮ ಆರಂಭಿಕ ಬ್ಯಾಟ್ಸ್‌ಮನ್ ಮೊದಲ ಓವರನ್ನು ಹೆಲ್ಮೆಟ್ ಇಲ್ಲದೆ ಆಡಬೇಕು. ಆರು ಚೆಂಡು ಮುಗಿಯುವ ತನಕ ರನ್ನಿಗೂ ಓಡಬಾರದು, ಜಾಗ ಬಿಟ್ಟು ಕದಲಬಾರದು. ಕ್ಲಬ್ ಕಟ್ಟಿದ ಹಿರಿಯರು ಹಾಗೆ ಆಡಿದ್ದರಂತೆ. ಅದಕ್ಕೆ ಬರಿದಲೆಯ ಓವರ್ ಎಂದು ಹೆಸರು. ಆಡಿದವನನ್ನು ಹೆಗಲ ಮೇಲೆ ಹೊರುತ್ತಿದ್ದೆವು. ಒಲ್ಲೆ ಎಂದು ಹೆಲ್ಮೆಟ್ ಹಾಕಿಕೊಂಡವನು ವರ್ಷವಿಡೀ ಕ್ಯಾಂಟೀನಿನಲ್ಲಿ "ಮಡಕೆ ಬಂತು, ದಾರಿ ಬಿಡ್ರೋ" ಎಂದು ಕೇಳಿಸಿಕೊಳ್ಳಬೇಕಿತ್ತು. ಆ ವರ್ಷ ಸರದಿ ಕ್ಯಾಪ್ಟನ್ ಮಗನದು.

"ಆರು ಬಾಲ್‌ಗೆ ಇಷ್ಟು ರಾದ್ಧಾಂತನಾ?" ಎನ್ನುತ್ತಿದ್ದರು ಕ್ಯಾಪ್ಟನ್. "ನಮ್ಮ ಕಾಲದಲ್ಲಿ ಯಾರ ತಲೆ ಮೇಲೆ ಹೆಲ್ಮೆಟ್ ಇತ್ತಮ್ಮ? ನಾವೇನು ಸತ್ವಾ?"

"ನಿಮ್ಮ ಕಾಲದಲ್ಲಿ ಕಟಿಂಗ್ ಮಷೀನಿಗೂ ತಡೆ ಇರಲಿಲ್ಲ ಮಾವ. ಆಮೇಲೆ ಯಾಕೆ ಹಾಕ್ಸಿದ್ರಿ?"

ಕ್ಯಾಪ್ಟನ್ ಎಡಗೈಯನ್ನು ಮಡಿಲಿಗೆ ಎಳೆದುಕೊಂಡರು. ಆ ಕೈಯ ಕಿರುಬೆರಳು ಅರ್ಧವೇ ಇತ್ತು. ಹೊಸಬರಿಗೆಲ್ಲ ಆ ಬೆರಳು ತೋರಿಸಿಯೇ ಯಂತ್ರದ ಪಾಠ ಹೇಳುತ್ತಿದ್ದವರು ಅವರು.

"ಅದು ಕೆಲಸ. ಇದು ಆಟ."

"ಆಟಕ್ಕೆ ಅಂತ ಬೇರೆ ತಲೆ ಇರತ್ತಾ?"

ಮುದುಕರ ಮುಖ ಕೆಂಪಾಯಿತು. ಪ್ಯಾಡು ಗ್ಲೌಸುಗಳನ್ನು ಚೀಲಕ್ಕೆ ತುಂಬುತ್ತಿದ್ದ ಮಗ ಮಧ್ಯೆ ಬಂದ. "ಸಾಕು ಬಿಡೇ. ಸ್ನಾನಕ್ಕೆ ನೀರು ಕಾಯೋದ್ರೊಳಗೆ ಮುಗಿದುಹೋಗತ್ತೆ." ನನ್ನ ಕಡೆ ತಿರುಗಿ, "ನೀವಾದ್ರೂ ಹೇಳಿ ಅಣ್ಣಾ ಇವಳಿಗೆ" ಎಂದ.

ನಾನು ಹೇಳಿದೆ. "ಏನೂ ಆಗಲ್ಲಮ್ಮ" ಎಂದೆ. ನನ್ನ ಬಾಯಿಂದಲೇ ಬಂದ ಮಾತು ಅದು.

ಎದುರಾಳಿ ತಂಡದ ಬೌಲರ್ ಒಬ್ಬ ಎಲೆಕ್ಟ್ರಿಷಿಯನ್, ಉದ್ದನೆಯ ಆಳು. ಅವನ ಮೊದಲ ಮೂರು ಚೆಂಡುಗಳನ್ನು ನಮ್ಮ ಹುಡುಗ ಚೆನ್ನಾಗಿಯೇ ಆಡಿದ. ನಾಲ್ಕನೆಯದು ಪಿಚ್ಚಿನ ನಡುವೆ ಬಿದ್ದು ಮೇಲೆದ್ದಿತು. ಅವನು ಮುಖ ತಿರುಗಿಸಿದ. ಚೆಂಡು ಕಿವಿಯ ಹಿಂದೆ ಬಡಿಯಿತು. ಮರದ ಬಾಗಿಲನ್ನು ಒಮ್ಮೆ ತಟ್ಟಿದಂಥ ಸದ್ದು, ಅಷ್ಟೇ. ಅವನು ಮಂಡಿಯೂರಿದ.

ಬೌಲರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಓಡಿಬಂದ. "ಮಲಗಿಸ್ರಿ, ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ" ಎಂದು ಅವನೊಬ್ಬನೇ ಕೂಗಿದ್ದು. ನಮ್ಮವರು ನೆತ್ತಿಗೆ ನೀರು ಸುರಿದರು. ಗಡಿಗೆರೆಯ ಆಚೆ ಕುರ್ಚಿಯಿಂದ ಎದ್ದ ಕ್ಯಾಪ್ಟನ್ ಕೂಗಿದರು: "ಏಳೋ! ಎರಡೇ ಬಾಲ್ ಇರೋದು. ಎದ್ದು ನಿಂತ್ಕೋ!"

ಅವನು ಎದ್ದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಐದನೆಯ ಚೆಂಡನ್ನು ತಡೆದ. ಚಪ್ಪಾಳೆ ಇನ್ನೂ ಜೋರಾಯಿತು. ಆರನೆಯದಕ್ಕೆ ಬೌಲರ್ ಓಟ ಶುರುಮಾಡಲೇ ಇಲ್ಲ. ಅಷ್ಟರಲ್ಲಿ ಬ್ಯಾಟು ನಮ್ಮ ಹುಡುಗನ ಕೈಯಿಂದ ಜಾರಿತು, ಅದರ ಹಿಂದೆಯೇ ಅವನೂ.

ಮೈದಾನದಲ್ಲಿ ಸ್ಟ್ರೆಚರ್ ಇರಲಿಲ್ಲ, ವಾಹನ ಇರಲಿಲ್ಲ. ಪೆವಿಲಿಯನ್ನಿನ ಬೆಂಚಿನ ಮೇಲೆ ಮಲಗಿಸಿ, ಕಾಗದದ ಬಂಡಲು ಸಾಗಿಸುವ ಮುದ್ರಣಾಲಯದ ವ್ಯಾನ್ ತರಿಸಿ ಹೊರಡುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಮೂರನೆಯ ದಿನ ಮಧ್ಯಾಹ್ನ ಅವನು ತೀರಿಕೊಂಡ. ಅವನಿಗೆ ಇಪ್ಪತ್ತೊಂಬತ್ತು ವರ್ಷ. "ಪೆಟ್ಟು ಬಿದ್ದ ಕೂಡಲೇ ಕರೆತಂದಿದ್ದರೆ?" ಎಂದು ಸೊಸೆ ಕೇಳಿದಳು. ಡಾಕ್ಟರು, "ಖಚಿತವಾಗಿ ಹೇಳೋಕಾಗಲ್ಲ" ಎಂದರು. ಆ ಉತ್ತರ ಅವಳನ್ನು ವರ್ಷವಿಡೀ ತಿಂದಿತು.

ಮನೆಗೆ ಬಂದವರೆಲ್ಲ ಒಂದೇ ರಾಗ ಹಾಡಿದರು. "ಹಣೆಬರಹ", "ಆಡ್ತಾ ಆಡ್ತಾ ಹೋದ, ಪುಣ್ಯವಂತ", "ಐದನೇ ಬಾಲ್ ಹೇಗೆ ತಡೆದ, ಗಂಡು ಅಂದ್ರೆ ಅವನು." ಸೊಸೆ ಎರಡು ವಾರಕ್ಕೆ ಕೆಲಸಕ್ಕೆ ಮರಳಿದಳು. ಸೂಜಿ ಬೆರಳಿಗೆ ಚುಚ್ಚಿಕೊಂಡು ಹೊಲಿದ ಹಾಳೆಗಳ ಮೇಲೆ ರಕ್ತದ ಕಲೆ ಮಾಡುತ್ತಿದ್ದಳು. ಮೇಲ್ವಿಚಾರಕಿ ಸದ್ದಿಲ್ಲದೆ ಆ ಹಾಳೆಗಳನ್ನು ತೆಗೆದಿಡುತ್ತಿದ್ದಳು.

ಒಂದು ಸಂಜೆ ಆ ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ಬಂದು ನಿಂತ. ಆಟ ಬಿಟ್ಟಿದ್ದನಂತೆ. ಮೈ ಇಳಿದುಹೋಗಿತ್ತು.

"ಕೊಂದವನು ಬಂದ" ಎಂದು ಕ್ಯಾಪ್ಟನ್ ಗುಡುಗಿದರು. "ಆಚೆ ಹೋಗು!"

ಸೊಸೆ ಅವನನ್ನು ಒಳಗೆ ಕರೆದು ಕೂರಿಸಿದಳು. "ಬಾಲ್ ಹಾಕಿದ್ದು ನೀನು, ನಿಜ. ಅವರ ತಲೆ ಬರಿದು ಮಾಡಿದ್ದು ನೀನಲ್ಲ. ಮಲಗಿಸಿ ಅಂತ ಕೂಗಿದವನೂ ನೀನೊಬ್ಬನೇ ಅಂತೆ. ನೀರು ಕುಡಿ ತಮ್ಮಾ." ಅವನು ಲೋಟ ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತ.

ವರ್ಷ ತುಂಬುತ್ತ ಬಂತು. ಮೊದಲ ಪಂದ್ಯವನ್ನು ಕ್ಯಾಪ್ಟನ್ ಮಗನ ನೆನಪಿಗೆ ಆಡುವುದು, ಪೆವಿಲಿಯನ್ ಗೋಡೆಗೆ ಅವನ ಹೆಸರಿನ ಕಲ್ಲು ಹಾಕುವುದು ಎಂದು ಸಮಿತಿ ನಿರ್ಧರಿಸಿತು. "ಬರಿದಲೆಯಲ್ಲಿ ನಿಂತು ಕೊನೆಯವರೆಗೂ ಹೋರಾಡಿದ ವೀರ" ಎಂಬ ಸಾಲು ಬರೆದವನು ನಾನು. ಬರಿದಲೆಯ ಓವರ್ ಅಂದು ಇನ್ನಷ್ಟು ಗೌರವದಿಂದ ನಡೆಯಬೇಕೆಂದೂ ತೀರ್ಮಾನವಾಯಿತು. ಕರಡು ಹಿಡಿದು ಮನೆಗೆ ಹೋದೆ. ಕ್ಯಾಪ್ಟನ್ ಓದಿ ಕಣ್ಣೊರೆಸಿಕೊಂಡರು. ಸೊಸೆ ಓದಿ ಕಾಗದವನ್ನು ನನ್ನ ಕೈಗೇ ಕೊಟ್ಟಳು.

"ಈ ಕಲ್ಲು ಬೇಡ ಅಣ್ಣ."

"ನನ್ನ ಮಗನ ಹೆಸರು ಬೇಡ ಅನ್ನೋಕೆ ನೀನ್ಯಾರು?" ಎಂದರು ಕ್ಯಾಪ್ಟನ್.

"ಅವರ ಹೆಂಡತಿ. ಈ ಕಲ್ಲು ನೋಡಿ ಇನ್ನೊಬ್ಬ ಹೆಲ್ಮೆಟ್ ತೆಗೆದಿಡ್ತಾನೆ. ಅವನ ಮನೇಲೂ ಒಬ್ಬಳು ಇರ್ತಾಳೆ. ನಾನು ಒಪ್ಪಲ್ಲ. ನೀವು ಹಾಕಿಸಿದರೆ ಅವತ್ತು ಮೈದಾನದ ನಡುವೆ ಹೋಗಿ ಕೂರ್ತೀನಿ. ಯಾರು ಎಬ್ಬಿಸ್ತಾರೋ ನೋಡ್ತೀನಿ."

"ವೀರನ ಥರ ಸತ್ತ ಅವನು!"

"ಇಲ್ಲ ಮಾವ." ಅವಳ ದನಿ ತಗ್ಗಿತು. "ಅವರಿಗೆ ಹೆದರಿಕೆ ಇತ್ತು. ಅವತ್ತು ಶೂ ಲೇಸ್ ಕಟ್ಟೋಕೂ ಆಗ್ಲಿಲ್ಲ, ನಾನೇ ಕಟ್ಟಿದೆ. ಬೇಡ ಅಂತ ಅಪ್ಪಂಗೆ ಹೇಳಿ ಅಂದೆ. 'ಬಾಲ್‌ಗಿಂತ ಅಪ್ಪನ ಮುಖ ನೋಡೋಕೆ ಹೆದರಿಕೆ ಕಣೇ' ಅಂದರು."

ಕ್ಯಾಪ್ಟನ್ ನನ್ನ ಕೈಯಲ್ಲಿದ್ದ ಕರಡನ್ನು ತೆಗೆದುಕೊಂಡು ಮಡಚುತ್ತ ಕೇಳಿದರು:

"ಏಳು ಅಂತ ನಾನು ಕೂಗಿದ್ದು... ಅವನಿಗೆ ಕೇಳಿಸಿತ್ತಾ?"

ಅವಳು ನನ್ನ ಕಡೆ ನೋಡಿದಳು. ಅಲ್ಲಿದ್ದವನು ನಾನು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಕೇಳಿಸಿತ್ತು" ಎಂದೆ. "ಅದಕ್ಕೇ ಎದ್ದ."

ಮುಂದಿನ ಸಭೆಗೆ ಕರೆಯದೆಯೇ ಕ್ಯಾಪ್ಟನ್ ಬಂದರು. ಬರಿದಲೆಯ ಓವರ್ ನಿಲ್ಲಬೇಕು. ಬ್ಯಾಟ್ ಹಿಡಿದವನಿಗೂ ಹತ್ತಿರ ನಿಲ್ಲುವ ಫೀಲ್ಡರಿಗೂ ಹೆಲ್ಮೆಟ್ ಕಡ್ಡಾಯವಾಗಬೇಕು. ತಲೆಗೆ ಪೆಟ್ಟಾದವನು ನಗುತ್ತಿದ್ದರೂ ಆಟ ಬಿಟ್ಟು ಡಾಕ್ಟರ ಬಳಿ ಹೋಗಬೇಕು. ಪಂದ್ಯ ಮುಗಿಯುವ ತನಕ ಗೇಟಿನಲ್ಲಿ ವಾಹನ ನಿಂತಿರಬೇಕು. ಇಷ್ಟನ್ನು ನಿಂತೇ ಹೇಳಿದರು.

ಅವರ ಜೊತೆ ಆಡಿದ್ದ ಹಳಬರೊಬ್ಬರು ಮೂಗು ಮುರಿದರು. "ಏನು ಕ್ಯಾಪ್ಟನ್, ಈ ವಯಸ್ಸಲ್ಲಿ ಹೆದರಿಬಿಟ್ರಾ?"

"ಹೌದು, ಹೆದರಿದ್ದೀನಿ" ಎಂದರು ಕ್ಯಾಪ್ಟನ್. "ಮೂವತ್ತು ವರ್ಷ ಮೊದಲೇ ಹೆದರಬೇಕಿತ್ತು."

ಎರಡು ಮತಗಳ ಅಂತರದಿಂದ ನಿಯಮ ಜಾರಿಗೆ ಬಂತು. ಹಳಬರಲ್ಲಿ ಮೂವರು ಕ್ಲಬ್ ಬಿಟ್ಟರು. ಇಂದಿಗೂ ದಾರಿಯಲ್ಲಿ ಸಿಕ್ಕರೆ ಕ್ಯಾಪ್ಟನ್ನರನ್ನು ಮಾತಾಡಿಸುವುದಿಲ್ಲ.

ಕಲ್ಲಿನ ಹೊಸ ಬರಹವನ್ನು ಸೊಸೆ ಬರೆದಳು. ಕೊನೆಯ ವಾಕ್ಯವೊಂದನ್ನು ಕ್ಯಾಪ್ಟನ್ ತಮ್ಮ ಕೈಯಾರೆ ಸೇರಿಸಿದರು. ಕ್ಲಬ್ಬಿನ ಮರ್ಯಾದೆ ಹೋಗುತ್ತದೆ, ಅದೊಂದನ್ನು ತೆಗೆಯೋಣ ಎಂದು ಪೆನ್ನು ಎತ್ತಿದೆ. ಅವರು ನನ್ನ ಕೈ ಹಿಡಿದರು. "ತಿದ್ದಬೇಡ. ಅದರಲ್ಲಿ ತಪ್ಪಿಲ್ಲ."

ಈಗ ಪ್ಯಾಡು ಕಟ್ಟಿಕೊಂಡು ಮೈದಾನಕ್ಕೆ ಇಳಿಯುವವರೆಲ್ಲ ಆ ಕಲ್ಲನ್ನು ಹಾದೇ ಹೋಗಬೇಕು. ಅವನ ಹೆಸರಿನ ಕೆಳಗೆ ಹೀಗಿದೆ:

"ಈ ಮೈದಾನದಲ್ಲಿ ಆಡುವಾಗ ತಲೆಗೆ ಚೆಂಡು ಬಡಿದು ತೀರಿಕೊಂಡರು. ವಯಸ್ಸು ಇಪ್ಪತ್ತೊಂಬತ್ತು. ಅಂದು ಅವರು ಹೆಲ್ಮೆಟ್ ಹಾಕಿರಲಿಲ್ಲ. ಹಾಕಬಾರದೆಂದು ನಾವು ಹೇಳಿದ್ದೆವು."