ಎಳೆ ಸವತೆಕಾಯಿ ಬಣ್ಣದ ಫಿಯಾಟ್

ಬ್ಯಾಡಗಿಯಲ್ಲಿರುವ ನನ್ನ ಹೆಂಡತಿಯ ತವರಿನಲ್ಲಿ ನನಗೆ ವಿಜ್ಞಾನಿ ಎಂಬ ಹೆಸರಿದೆ. ಹಾವೇರಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತೇನೆ, ಅಷ್ಟೆ. ಆದರೆ ಆ ಮನೆಯ ಮಿಕ್ಸರ್ ಕೆಟ್ಟರೂ ಗಡಿಯಾರ ನಿಂತರೂ ಫೋನು ನನಗೇ ಬರುತ್ತದೆ. ಈ ತಪ್ಪು ತಿಳಿವಳಿಕೆಯನ್ನು ನಾನೂ ತಿದ್ದಲು ಹೋಗಿರಲಿಲ್ಲ.

ಎರಡು ಸಾವಿರದ ಆರರಲ್ಲಿ ನನ್ನ ಹೆಂಡತಿಯ ತಮ್ಮ ಹೇಮಂತ, ತೀರಿಹೋದ ತಂದೆಯ ಹಳೆಯ ಫಿಯಾಟ್ ಕಾರನ್ನು ರಾಣೆಬೆನ್ನೂರಿನ ಬುಡನಸಾಬರ ಗ್ಯಾರೇಜಿಗೆ ಎಳೆಸಿದ. ಕಾರನ್ನು ಮೊದಲಿದ್ದಂತೆಯೇ ಮಾಡಬೇಕೆಂದು ಅವನ ಹಟ. ಹಾಗಾಗಿ ಅದರ ಮೂಲ ಬಣ್ಣ ಗೊತ್ತಾಗಬೇಕಿತ್ತು. ಹಿಂದಿನ ಆಕ್ಸಲ್‌ನ ಹಲ್ಲುಚಕ್ರಗಳು ಸವೆದಿದ್ದರಿಂದ, ಅದೇ ಅನುಪಾತದ ಜೋಡಿಯನ್ನು ಹುಬ್ಬಳ್ಳಿಯಿಂದ ತರಿಸಲು, ಚಕ್ರದ ಒಂದು ಸುತ್ತಿಗೆ ಕಾರಿನಡಿಯ ಶಾಫ್ಟ್ ಎಷ್ಟು ಸುತ್ತುತ್ತದೆಂಬ ಲೆಕ್ಕವೂ ಬೇಕಿತ್ತು.

ಬಣ್ಣದ ಪ್ರಶ್ನೆಗೆ ಅತ್ತೆ ಇಂದಿರಾಬಾಯಿಯವರಲ್ಲಿ ಉತ್ತರವಿತ್ತು.

"ಎಳೀ ಸವತಿಕಾಯಿ ಹೆಚ್ಚಿದ್ರ ಒಳಗ ಕಾಣ್ತದಲ್ಲ, ಆ ಬಣ್ಣ. ಲಗ್ನ ಆಗಿ ಹಾವೇರಿ ಸ್ಟೇಶನ್ನಿನಿಂದ ಅದರಾಗ ಕೂತು ಬಂದೇನಿ. ನನಗ ಗೊತ್ತಿಲ್ಲೇನು?"

ಹೇಮಂತ ನನ್ನ ಕಡೆ ನೋಡಿದ. ಅತ್ತೆ ಇತ್ತೀಚೆಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದರು, ಮೊಮ್ಮಗಳನ್ನು ನನ್ನ ಹೆಂಡತಿಯ ಹೆಸರಿನಿಂದ ಕರೆದಿದ್ದರು. ಅವರು ಹೇಳಿದ್ದನ್ನೆಲ್ಲ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವ ರೂಢಿ ಮನೆಯಲ್ಲಿ ಶುರುವಾಗಿತ್ತು.

"ನೆನಪು ಅನ್ನೋದು ಪುರಾವೆ ಅಲ್ಲ," ಎಂದೆ. ಆ ವಾಕ್ಯ ನನಗೇ ಬಹಳ ಹಿಡಿಸಿತು.

ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂದೆ ಅಡ್ಡವಾಗಿ ಒಂದು ತಗಡು ಇರುತ್ತದೆ. ಅಲ್ಲಿಗೆ ಬಿಸಿಲು ತಾಗದು. ಪೇಂಟರುಗಳೂ ಅದನ್ನು ಉಜ್ಜಿ ತೊಳೆಯದೆ ಮೇಲೊಂದು ಕೈ ಹೊಡೆದು ಮುಗಿಸುತ್ತಾರೆ. ಹಳೆಯ ಪದರಗಳೆಲ್ಲ ಅಲ್ಲಿ ಉಳಿದಿರುತ್ತವೆ ಎಂಬ ನನ್ನ ತರ್ಕ ಸರಿಯಾಗಿಯೇ ಇತ್ತು. ಮಾದರಿ ಕೆಡಬಾರದೆಂದು ನೀರು ಮುಟ್ಟಿಸದೆ, ಒಣ ಕಾಗದದಿಂದ ನಾಣ್ಯದಷ್ಟಗಲ ಉಜ್ಜಿದೆ. ಕಪ್ಪು ಹೋಗಿ ಬಿಳಿ ಬಂತು. ಬಿಳಿಯ ಕೆಳಗೆ ಗಾಢ ಕೆಂಪು. ಅದರ ಕೆಳಗೆ ಮಸುಕು ಹಸಿರು.

"ಹಸಿರು ಕಾಣಾಕತ್ತೈತಲ್ರಿ ಸರ," ಎಂದರು ಬುಡನಸಾಬ.

"ಅದು ಪ್ರೈಮರ್. ಮೂಲ ಬಣ್ಣ ಮರೂನ್."

"ನೀವು ಹೇಳಿದ ಮ್ಯಾಲೆ ಮುಗೀತ್ರಿ," ಎಂದು ಅವರು ಮರೂನ್ ಡಬ್ಬಿ ತರಿಸಲು ಹೊರಟರು.

ಅದೇ ಉತ್ಸಾಹದಲ್ಲಿ ಆಕ್ಸಲ್ ಲೆಕ್ಕವನ್ನೂ ಮುಗಿಸಿದೆ. ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿ ಒಂದು ಸುತ್ತು ತಿರುಗಿಸಿ, ಕಾರಿನಡಿಯ ಉದ್ದನೆಯ ಶಾಫ್ಟ್ ಎಷ್ಟು ಸುತ್ತಿತೆಂದು ಎಣಿಸಿದೆ. ಎರಡಕ್ಕಿಂತ ತುಸು ಹೆಚ್ಚು. ಇಂಥ ಕಾರಿಗೆ ನಾಲ್ಕರ ಮೇಲಿರಬೇಕಿತ್ತು; ಈ ಸಂಖ್ಯೆ ಕಡಿಮೆಯಾದಷ್ಟೂ ಗಾಡಿಯ ಓಟ ಹೆಚ್ಚು. ಯಾರೋ ಬೇರೆ ಆಕ್ಸಲ್ ಕೂರಿಸಿದ್ದಾರೆಂದು ತೀರ್ಪು ಕೊಟ್ಟೆ.

"ರೇಸ್ ಗಾಡೀದು ಇರಬೇಕ್ರಿ," ಎಂದರು ಬುಡನಸಾಬ. ನಮ್ಮ ಮಾವನವರು ಜೀವಮಾನದಲ್ಲಿ ಎತ್ತಿನ ಬಂಡಿಯನ್ನೂ ಹಿಂದಿಕ್ಕಿದವರಲ್ಲ. ಆದರೂ ನಾನು ಗಂಭೀರವಾಗಿ ತಲೆಯಾಡಿಸಿದೆ.

ಬ್ಯಾಡಗಿಯಲ್ಲಿ ಅತ್ತೆಗೆ ಬಣ್ಣದ್ದೂ ಆಕ್ಸಲ್‌ದೂ ಫಲಿತಾಂಶ ತಿಳಿಸಿದೆ. ಅವರು ಜಗಳಕ್ಕೆ ಬರುತ್ತಾರೆಂದುಕೊಂಡಿದ್ದೆ.

"ಹಂಗಿದ್ರ ನನ್ನ ತಲೀನ ಕೆಟ್ಟಿರಬೇಕು," ಎಂದಷ್ಟೇ ಹೇಳಿ ಒಳಗೆ ಹೋದರು.

ಮುಂದಿನ ವಾರ ಹೇಮಂತ ಫೋನು ಮಾಡಿದ. "ಭಾವ, ಅವ್ವ ಈಗ ಪ್ರತಿಯೊಂದೂ ನನ್ನ ಕೇಳಾಕತ್ಯಾಳ. ಹಾಲಿನಾಂವ ಬಂದಿದ್ನೇನು, ನಂದು ಊಟ ಆಗೇದೇನು ಅಂತ. ನಿನ್ನೆ ಏನಂದಳು ಗೊತ್ತೇನು? ನಾ ಲಗ್ನಾಗಿ ಕಾರಿನಾಗ ಬಂದೆನೋ ಬಸ್ಸಿನಾಗ ಬಂದೆನೋ, ನಿಮ್ಮಪ್ಪ ಏನರ ಹೇಳಿದ್ರೇನು ಅಂದಳು."

ಆ ಮಾತು ಕಿವಿಯಲ್ಲಿಟ್ಟುಕೊಂಡೇ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಮರೂನ್ ಹೊಡೆಯುವ ಮುನ್ನ ಬುಡನಸಾಬ ಬಟ್ಟೆ ಒಗೆಯುವ ಸೋಡಾ ಕಲಸಿದ ನೀರಿನಲ್ಲಿ ಅರಿವೆ ಅದ್ದಿ ಆ ತಗಡನ್ನು ಒರೆಸುತ್ತಿದ್ದರು. ನಾನು ಉಜ್ಜಿದ ಜಾಗ ದಾಟಿದ ಬಟ್ಟೆ ಕೆಂಪಾಗಿತ್ತು. ಐವತ್ತು ವರ್ಷದ ಕಾರ್ಖಾನೆ ಬಣ್ಣ ಒದ್ದೆ ಬಟ್ಟೆಗೆ ಹತ್ತುವಂತಿಲ್ಲ. ಪಕ್ಕದ ಚಹಾದಂಗಡಿಯಿಂದ ಲಿಂಬೆ ಹೋಳು ತಂದು ತಗಡಿನ ಮೇಲೆ ಹಿಂಡಿದೆ. ಕೆಂಪು ನಿಧಾನಕ್ಕೆ ಹಳದಿಯಾಯಿತು.

ಅರಿಷಿಣಕ್ಕೆ ಸುಣ್ಣ ಬೆರೆತರೆ ಕುಂಕುಮ. ಹುಳಿ ಬಿದ್ದರೆ ಮತ್ತೆ ಅರಿಷಿಣ. ಪ್ರತಿವರ್ಷ ಮೊದಲ ಪ್ರಾಕ್ಟಿಕಲ್ಲಿಗೆ ನಾನು ಹುಡುಗರಿಗೆ ತೋರಿಸುವುದು ಇದನ್ನೇ. ಆಯುಧಪೂಜೆಗೆ ಬಾನೆಟ್ ಎತ್ತಿ ಒಳಗೆ ಹಚ್ಚಿದ ಕುಂಕುಮವನ್ನು ಯಾರೂ ಒರೆಸುವುದಿಲ್ಲ. ಪೇಂಟರೂ ಒರೆಸದೆ ಅದರ ಮೇಲೆಯೇ ಬಿಳಿ ಬಳಿದಿದ್ದ. ನಾನು ಮಾವನವರ ಭಕ್ತಿಗೆ ಮರೂನ್ ಎಂದು ಹೆಸರಿಟ್ಟಿದ್ದೆ.

"ಮರೂನ್ ಡಬ್ಬಿ ಒಡದೇನ್ರಿ ಸರ," ಎಂದರು ಬುಡನಸಾಬ.

"ಅದರಿಂದ ನಿಮ್ಮ ಶಟರ್ ಬಳೀರಿ," ಎಂದೆ.

ಮರುದಿನ ಹೇಮಂತ ಅತ್ತೆಯನ್ನು ಗ್ಯಾರೇಜಿಗೆ ಕರೆತಂದ. ನಾನು ಹಸಿರನ್ನು ಅಂಗೈಯಗಲ ತಿಕ್ಕಿ ಹೊಳಪಿಸಿ ಇಟ್ಟಿದ್ದೆ. "ಅತ್ಯಾ, ನೀವು ಹೇಳಿದ್ದೇ ಖರೇ. ನಾನು ಪರೀಕ್ಷೆ ಮಾಡಿದ್ದು ಕುಂಕುಮಾನ," ಎಂದೆ.

ಅವರು ಕನ್ನಡಕ ಏರಿಸಿ ಬಗ್ಗಿ, ಬಹಳ ಹೊತ್ತು ನೋಡಿದರು.

"ಆ ಕುಂಕುಮ ಹಚ್ಚಿದಾಕಿ ನಾನ. ನನ್ನ ಕೇಳಿದ್ರ ಹೇಳ್ತಿದ್ದೆ," ಎಂದರು. ಆಮೇಲೆ ಬುಡನಸಾಬರತ್ತ ತಿರುಗಿ, "ಈ ಸವತಿಕಾಯಿ ಬಲತದ. ನೀವು ಇನ್ನೊಂದೀಟು ತಿಳಿ ಮಾಡ್ರಿ," ಎಂದರು. ಹೇಮಂತನನ್ನು ಏನೂ ಕೇಳಲಿಲ್ಲ.

ನಾನು ನಿರಾಳವಾಗುವಷ್ಟರಲ್ಲಿ ಅವರ ಕಣ್ಣು ಜಾಕ್ ಮೇಲಿದ್ದ ಚಕ್ರದತ್ತ ಹೋಯಿತು.

"ನಮ್ಮವ್ರು ರೇಸ್ ಗಾಡಿ ಗಾಲಿ ಹಾಕಿಸಿದ್ರು ಅಂತ ಹೇಳಿದವರೂ ನೀವೇ ಹೌದಲ್ಲ?"

"ಅದು ಲೆಕ್ಕ, ಅತ್ಯಾ. ಅದರಾಗ ತಪ್ಪಿಲ್ಲ."

"ಇನ್ನೊಮ್ಮೆ ಎಣಸ್ರಿ. ನಾ ಇಲ್ಲೇ ಕೂಡ್ತೇನಿ."

ಬುಡನಸಾಬ ಸ್ಟೂಲ್ ತಂದಿಟ್ಟರು. ನಾನು ಕಾರಿನಡಿ ಮಲಗಿದೆ. ಮಲಗಿದ ಮೇಲೆ ಹೊಳೆಯಿತು: ಒಂದು ಚಕ್ರ ನೆಲಕ್ಕೂರಿ ನಿಂತಿದ್ದರೆ ಶಾಫ್ಟ್ ಅರ್ಧದಷ್ಟೇ ತಿರುಗುತ್ತದೆ, ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಬೇಕು. ಬುಡನಸಾಬರಿಂದ ಹಾಗೆ ತಿರುಗಿಸಿ ಮತ್ತೆ ಎಣಿಸಿದಾಗ ನಾಲ್ಕು ದಾಟಿತು. ಕಾರಿಗೆ ತಕ್ಕ, ಮಾವನವರಿಗೂ ತಕ್ಕ ಆಕ್ಸಲ್ ಅದು.

"ಎಷ್ಟು ಬಂತು?" ಮೇಲಿನಿಂದ ಅತ್ತೆಯ ದನಿ.

ನಾನು ಇನ್ನೊಮ್ಮೆ ಎಣಿಸುವ ನೆಪ ಹೂಡಿದೆ. ಕಾರಿನಡಿ ತಂಪಾಗಿತ್ತು.