ಪುಕ್ಕ ಬೇಯಿಸಿದ ಇಡ್ಲಿ ಪಾತ್ರೆ

ನಮ್ಮ ಮನೆಯಲ್ಲಿ ಒಂದು ಇಡ್ಲಿ ಪಾತ್ರೆ ಇದೆ. ಅದರಲ್ಲಿ ಇವತ್ತಿನವರೆಗೆ ಒಂದೇ ಒಂದು ಇಡ್ಲಿ ಬೆಂದಿಲ್ಲ. ಬೆಂದದ್ದೆಲ್ಲ ಬಾತುಕೋಳಿಯ ಪುಕ್ಕ. ದೇಶಕ್ಕೇ ಚಾಂಪಿಯನ್ ಆದ ನನ್ನ ಮೊಮ್ಮಗಳು ಪ್ರಣಮ್ಯಾ ಆ ಪಾತ್ರೆಯ ಹಬೆಯಲ್ಲಿ ಬೆಳೆದವಳು. ಬೇರೆ ಯಾರು ಏನು ಹೇಳಿದರೂ ನಂಬಬೇಡಿ. ಕೋಚುಗಳೆಲ್ಲ ಆಮೇಲೆ ಬಂದವರು.

ಶುರುವಾದದ್ದು ಮದರಾಸಿನ ಟಿ. ನಗರದಲ್ಲಿ, ರಘುರಾಮ ಧನಿಗಳ ಹೋಟೆಲಿನಲ್ಲಿ. ಗಂಡ ತೀರಿಕೊಂಡ ಮೇಲೆ ನಾನು ಉಡುಪಿ ಕಡೆಯಿಂದ ಬಂದು ಮಗ ಶ್ರೀಶನ ಜೊತೆ ಸೇರಿಕೊಂಡಿದ್ದೆ. ಅವನು ಅಲ್ಲಿ ಅಡುಗೆಯವನು, ನಾನು ಹಿಟ್ಟು ರುಬ್ಬುವವಳು. ಅವನ ಮಗಳು ಪ್ರಣಮ್ಯಾಗೆ ಆಗ ಒಂಬತ್ತು ವರ್ಷ. ಕೆಲಸದವರ ಮನೆಗಳ ತಾರಸಿಯಲ್ಲಿ, ನಾನು ಒಣಹಾಕಿದ ಸಂಡಿಗೆಯನ್ನೆಲ್ಲ ಪುಡಿಮಾಡುತ್ತ ಬ್ಯಾಡ್ಮಿಂಟನ್ ಆಡುತ್ತಿದ್ದಳು. ಹತ್ತಿರದ ಕ್ಲಬ್ಬಿನ ಮಕ್ಕಳು ಆಡಿ ಎಸೆದ ಶಟಲ್ಲುಗಳನ್ನು ಹೆಕ್ಕಿ ತರುವಳು. ಪುಕ್ಕ ಒಣಗಿ ಕಡ್ಡಿಯಾಗಿರುತ್ತಿತ್ತು, ಎರಡು ಏಟಿಗೆ ಮುರಿಯುತ್ತಿತ್ತು. ಹಬೆ ಹಿಡಿಸಿದರೆ ಪುಕ್ಕ ಹದವಾಗಿ ಬಾಳಿಕೆ ಬರುತ್ತದೆ ಎಂದು ಕ್ಲಬ್ಬಿನಲ್ಲಿ ಯಾರೋ ಅವಳಿಗೆ ಹೇಳಿದರಂತೆ. ಹಬೆಗೆ ನಮ್ಮಲ್ಲಿ ಬರವೇ? ಆ ಹೋಟೆಲಿನ ಇಡ್ಲಿ ಪಾತ್ರೆ ಎಂದರೆ ರೈಲಿನ ಎಂಜಿನ್. ಬೆಳಗಿನ ಇಡ್ಲಿ ಇಳಿಸಿದ ಮೇಲೆ ಶಟಲ್ಲುಗಳನ್ನು ಕುಳಿಗೊಂದರಂತೆ ಕೂರಿಸಿ ಮುಚ್ಚಳ ಹಾಕುತ್ತಿದ್ದೆ.

ಒಂದು ದಿನ ಧನಿಗಳು ಬಿಸಿ ಇಡ್ಲಿಯ ಆಸೆಗೆ ತಾವೇ ಬಂದು ಮುಚ್ಚಳ ತೆಗೆದರು. ಆ ಕೂಗು ಎಣ್ಣೂರಿನಲ್ಲಿ ನಿಂತ ಹಡಗುಗಳಿಗೂ ಕೇಳಿರಬೇಕು.

“ಸರಸಕ್ಕಾ! ಎಂತದು ಇದು? ಹಕ್ಕಿ ಪುಕ್ಕ! ಶುದ್ಧ ಸಸ್ಯಾಹಾರ ಅಂತ ಬೋರ್ಡು ಹಾಕಿದ್ದೇನೆ ನಾನು!”

“ಬಡಿಸ್ಲಿಕ್ಕೆ ಅಲ್ಲ ಧನೀ, ಆಡ್ಲಿಕ್ಕೆ.”

“ಅಡುಗೆಮನೆ ಒಳಗೆ ಪುಕ್ಕ ಬರ್ಬಹುದಾ? ಮಡಿ ಮೈಲಿಗೆ ಎಂತದೂ ಇಲ್ವಾ ನಿಮಗೆ?”

“ಕೃಷ್ಣನ ತಲೆ ಮೇಲೆ ಇರುದು ಎಂತ, ಬೆಂಡೆಕಾಯಿಯಾ? ಅದೂ ಪುಕ್ಕವೇ. ಅವನಿಗೆ ಗರ್ಭಗುಡಿ ಒಳಗೇ ನಡೀತದೆ.”

ಧನಿಗಳ ಬಾಯಿ ತೆರೆದದ್ದು ತೆರೆದೇ ಇತ್ತು. ಒಂದು ನೊಣ ಒಳಗೆ ಹೋಗಿ, ಸಂಸಾರ ಹೂಡಿ, ಮಕ್ಕಳೊಂದಿಗೆ ಹೊರಗೆ ಬರಬಹುದಿತ್ತು.

ಅವತ್ತೇ ನನ್ನ ಕೆಲಸ ಹೋಯಿತು. ಶ್ರೀಶನ ಸಾಂಬಾರಿಗೆ ಗಿರಾಕಿಗಳು ಇದ್ದರು, ಹಾಗಾಗಿ ಅವನು ಉಳಿದುಕೊಂಡ. ನಾನು ನೆಟ್ಟಗೆ ರಂಗನಾಥನ್ ಬೀದಿಗೆ ಹೋಗಿ ನನ್ನದೇ ಒಂದು ಪಾತ್ರೆ ತಂದೆ. ತಪ್ಪಾಯಿತು ಅಂತ ಧನಿಗಳ ಹತ್ತಿರ ಹೇಳಿ ಬಾ ಎಂದು ಶ್ರೀಶ ಗೋಗರೆದ. ನಾನು ಹೇಳಲಿಲ್ಲ. ಇವತ್ತೂ ಹೇಳುವುದಿಲ್ಲ.

ಆ ಹಬೆಯಲ್ಲಿ ಹುಡುಗಿ ಜಿಲ್ಲೆ ಗೆದ್ದಳು, ರಾಜ್ಯ ಗೆದ್ದಳು, ಹತ್ತೊಂಬತ್ತಕ್ಕೆ ರಾಷ್ಟ್ರೀಯ ಚಾಂಪಿಯನ್ ಆದಳು. ಮರುವರ್ಷ ಮತ್ತೆ ಅವಳೇ. ಅವಳ ಸ್ಮ್ಯಾಶ್ ನೋಡಿ ಎದುರಿನವರು ಅಂಗಳ ಬಿಟ್ಟು ಊರಿಗೇ ಓಡುತ್ತಿದ್ದರು. ಹೊಸ ಶಟಲ್ಲು ಪೆಟ್ಟಿಗೆಗಟ್ಟಲೆ ಬರತೊಡಗಿತು, ನನ್ನ ಪಾತ್ರೆ ಅಟ್ಟ ಹತ್ತಿತು. ಧನಿಗಳ ಗಲ್ಲಾಪೆಟ್ಟಿಗೆಯ ಹಿಂದೆ, ಲಕ್ಷ್ಮಿಯ ಪಕ್ಕದಲ್ಲಿ, ಪ್ರಣಮ್ಯಾಳ ಫೋಟೋ ಬಂತು. ಮೈಲಿಗೆ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ.

ಕಳೆದ ವರ್ಷ ಒಂದು ಸೆಮಿಫೈನಲ್ಲಿನಲ್ಲಿ, ನೆಟ್ಟಿನ ಹತ್ತಿರ ಬೀಳುತ್ತಿದ್ದ ಶಟಲ್ಲಿಗೆ ಕಾಲು ಚಾಚಿದವಳು ಮೇಲೆ ಏಳಲಿಲ್ಲ. ಮಂಡಿಯ ಲಿಗಮೆಂಟ್ ಹರಿದಿತ್ತು. ಪೋರೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಷ್ಟೋ ತಿಂಗಳ ಮೇಲೆ ಡಾಕ್ಟರು, ಮಂಡಿ ಗಟ್ಟಿಯಾಗಿದೆ, ಇನ್ನು ಧೈರ್ಯವಾಗಿ ಆಡಬಹುದು ಎಂದರು. ಅವಳು ಓಡಿದಳು, ಮೆಟ್ಟಿಲು ಹತ್ತಿದಳು, ಹಾರಿದಳು. ನೆಟ್ಟಿನ ಮುಂದೆ ಬೀಳುವ ಶಟಲ್ಲಿಗೆ ಮಾತ್ರ ಕಾಲು ಚಾಚಲಿಲ್ಲ. ಮಂಡಿ ವಾಸಿಯಾಗಿತ್ತು, ಹೆದರಿಕೆ ವಾಸಿಯಾಗಿರಲಿಲ್ಲ.

ನಾನು ಬೇಕೆಂದೇ ಅವಳ ಮುಂದೆ ಚಮಚ ಬೀಳಿಸುತ್ತಿದ್ದೆ.

“ಹೆಕ್ಕಿ ಕೊಡು ಮಗಾ.”

“ತೆರಿಯುಂ ಅಜ್ಜಿ, ಎಲ್ಲಾ ಗೊತ್ತಾಗ್ತದೆ ನಂಗೆ,” ಎಂದು ಒಳ್ಳೆಯ ಕಾಲನ್ನು ಮಡಿಸಿ ಹೆಕ್ಕಿಕೊಡುವಳು.

ಆಗ ಧನಿಗಳು ಮನೆಗೆ ಬಂದರು. ಕಲ್ಯಾಣಮಂಟಪದಲ್ಲಿ ಸನ್ಮಾನ ಮತ್ತು ಬೀಳ್ಕೊಡುಗೆ ಇಟ್ಟುಕೊಳ್ಳುತ್ತಾರಂತೆ. ಆಟ ಬಿಟ್ಟೆ ಎಂದು ಅವಳು ಅಲ್ಲೇ ಹೇಳಬೇಕಂತೆ. ಆಮೇಲೆ ಪೋರೂರಿನಲ್ಲಿ ಹೊಸ ಬ್ರಾಂಚು, ಅದಕ್ಕೆ ಅವಳ ಹೆಸರು, ಗಲ್ಲಾದಲ್ಲಿ ದಿನಾ ಅವಳು, ಶ್ರೀಶನೇ ಮ್ಯಾನೇಜರು.

“ಧನಿಗಳ ಮುಖ ಮುರೀಲಿಕ್ಕೆ ಆಗುದಿಲ್ಲ ಅಮ್ಮ,” ಎಂದ ಶ್ರೀಶ. “ಅವಳಿಗೂ ಸಾಕಾಗಿದೆ.”

ನಾನು ಅವಳನ್ನೇ ಕೇಳಿದೆ. “ಶಾಲು ಹೊದೆಸ್ತಾರೆ ಅಂತ ಹಲ್ಲು ಕಿರೀಬೇಡ. ನಿನ್ನ ಅಜ್ಜನಿಗೂ ಹೊದೆಸಿದ್ರು. ಆಮೇಲೆ ಅವ್ರು ಏಳ್ಲೇ ಇಲ್ಲ. ನಿಂಗೆ ಆಟ ಬೇಡ್ವಾ?”

“ಬೇಕು. ಕಾಲು ಕೇಳುದಿಲ್ಲ ಅಜ್ಜಿ.”

“ಕಾಲಿನ ಅಭಿಪ್ರಾಯ ಕೇಳಿದವರು ಯಾರು?”

ಅವಳು ನಕ್ಕಳು. ಆಮೇಲೆ ಗೋಡೆ ಕಡೆ ತಿರುಗಿ ಕುಳಿತಳು.

ಸನ್ಮಾನದ ದಿನ ಬೆಳಿಗ್ಗೆ ನಾನು ಪಾತ್ರೆಯನ್ನು ಅಟ್ಟದಿಂದ ಇಳಿಸಿದೆ. ಒಂದು ಹಳೆಯ ಶಟಲ್ಲಿಗೆ ಹಬೆ ಹಿಡಿಸಿ ಸೆರಗಿನೊಳಗೆ ಇಟ್ಟುಕೊಂಡು ಮುಂದಿನ ಸಾಲಿನಲ್ಲೇ ಕುಳಿತೆ. ಮಂಟಪದಲ್ಲಿ ಜನವೋ ಜನ, ಅರ್ಧ ಮದರಾಸು ಅಲ್ಲೇ ಇತ್ತು. ವೇದಿಕೆಯಲ್ಲಿ ಪ್ರಣಮ್ಯಾಗೆ ಶಾಲು ಬಂತು, ಹಾರ ಬಂತು, ಕೈಗೆ ಹಣ್ಣು ತೆಂಗಿನಕಾಯಿ ತುಂಬಿದ ಹರಿವಾಣ ಬಂತು.

ಧನಿಗಳು ಮೈಕ್ ಹಿಡಿದರು. “ಈ ಮಗು ನಮ್ಮ ಹೋಟೆಲಿನ ಹಬೆಯಲ್ಲೇ ಬೆಳೆದದ್ದು!”

ಕೇಳಿದಿರಾ! ನನ್ನನ್ನು ಓಡಿಸಿದ ಹಬೆ ಈಗ ಅವರದಾಯಿತು.

“ಇನ್ನು ಅವಳಿಗೆ ವಿಶ್ರಾಂತಿ. ನೀನೇ ಹೇಳು ಮಗಾ, ಆಟ ಬಿಟ್ಟೆ ಅಂತ,” ಎಂದು ಮೈಕನ್ನು ಅವಳ ಬಾಯಿಗೆ ಹಿಡಿದರು.

“ನಾನು...” ಎಂದಳು ಪ್ರಣಮ್ಯಾ. ನನ್ನ ಕಡೆ ನೋಡಿದಳು.

ನಾನು ಎದ್ದು ನಿಂತು ಶಟಲ್ಲು ಎಸೆದೆ. ಮೇಲಕ್ಕೆ ಹೋಗಿ ಅದು ವೇದಿಕೆಯ ಅಂಚಿಗೆ, ಅವಳಿಂದ ಎರಡು ಮಾರು ದೂರಕ್ಕೆ, ನೆಟ್ಟಿನ ಮುಂದೆ ಬೀಳುವ ಹಾಗೆಯೇ ಇಳಿಯಿತು. ನನ್ನ ಗುರಿ ಎಂದರೆ ಗುರಿ.

ಅವಳು ಯೋಚಿಸಲಿಲ್ಲ. ಹರಿವಾಣದ ಕಿತ್ತಳೆ ಸೇಬು ಎಲ್ಲ ಚೆಲ್ಲಾಪಿಲ್ಲಿ. ಆಪರೇಷನ್ ಆದ ಕಾಲು ಮುಂದಕ್ಕೆ ಹೋಯಿತು, ಮಂಡಿ ಬಗ್ಗಿತು, ಬರಿದಾದ ಹರಿವಾಣ ಶಟಲ್ಲಿನ ಕೆಳಗೆ ಸೇರಿತು. ಟಣ್! ಶಟಲ್ಲು ನನ್ನ ತಲೆಯ ಮೇಲಿಂದ ಹಾರಿ ಹಿಂದೆ ನಿದ್ದೆ ಹೊಡೆಯುತ್ತಿದ್ದವರೊಬ್ಬರ ಮಡಿಲಿಗೆ ಬಿತ್ತು.

ಅವಳು ಕೆಳಗೆ ಹಾಗೇ ಇದ್ದಳು. ನನ್ನ ಎದೆ ಒಲೆ ಮೇಲಿನ ಮುಚ್ಚಳದ ಹಾಗೆ ಹಾರುತ್ತಿತ್ತು. ಆಮೇಲೆ ಅವಳು ಎದ್ದಳು, ಆ ಕಾಲಿನ ಮೇಲೆಯೇ ಭಾರ ಹಾಕಿ.

ಶ್ರೀಶ ಓಡಿಹೋದ. “ನೋವಾಯ್ತಾ ಮಗಾ?”

“ನಂಗಲ್ಲ ಅಪ್ಪಾ. ತೆಂಗಿನಕಾಯಿ ಧನಿಗಳ ಕಾಲ ಮೇಲೆ ಬಿತ್ತು, ಅವ್ರನ್ನ ಕೇಳು.”

ಮೈಕನ್ನು ಅವಳೇ ತೆಗೆದುಕೊಂಡಳು. “ಸನ್ಮಾನಕ್ಕೆ ಥ್ಯಾಂಕ್ಸ್. ಬೀಳ್ಕೊಡುಗೆ ಬೇಡ. ಮುಂದಿನ ತಿಂಗಳು ಆಡ್ತೇನೆ.”

“ಹಾಗಾದ್ರೆ ಪೋರೂರು ಬ್ರಾಂಚು?” ಧನಿಗಳು ಕಾಲು ಉಜ್ಜಿಕೊಳ್ಳುತ್ತ ಶ್ರೀಶನನ್ನು ಗುರಾಯಿಸಿದರು. “ನಿನ್ನ ಕೆಲಸದ ನೆನಪು ಉಂಟಲ್ಲ?”

ನನ್ನ ಮಗ ಹುಟ್ಟಿದಾಗಿನಿಂದ ಯಾರಿಗೂ ಎದುರಾಡಿದವನಲ್ಲ. ಆವತ್ತು ಹೇಳಿದ, “ನನ್ನ ಸಾಂಬಾರು ಎಲ್ಲಿಟ್ರೂ ಕುದೀತದೆ ಧನೀ.”

ಧನಿಗಳು ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಬಿಡಿಸಿದರೆ ಸಾಂಬಾರಿನ ಗಿರಾಕಿಗಳೂ ಹೋಗುತ್ತಾರೆ ಎಂದು ಅವರಿಗೆ ಗೊತ್ತು. ಫೋಟೋ ಮಾತ್ರ ಲಕ್ಷ್ಮಿಯ ಪಕ್ಕದಿಂದ ಕೆಳಗೆ ಇಳಿಯಿತು. ಇಳಿಯಲಿ ಬಿಡಿ, ಲಕ್ಷ್ಮಿಗೂ ಸ್ವಲ್ಪ ಜಾಗವಾಯಿತು.

ಮುಂದಿನ ತಿಂಗಳು ಪ್ರಣಮ್ಯಾ ಎರಡನೇ ಸುತ್ತಿನಲ್ಲಿ ಸೋತಳು. ಸೋತು ಮನೆಗೆ ಬಂದವಳು ಬ್ಯಾಗು ಕೂಡ ಇಳಿಸದೆ ಒಂದು ಡಬ್ಬಿ ಹಳೆಯ ಶಟಲ್ಲನ್ನು ನನ್ನ ಮುಂದೆ ಇಟ್ಟಳು.

“ಹೊಸತು ರಾಶಿ ಬಿದ್ದಿದೆಯಲ್ಲ, ಇದು ಯಾಕೆ?” ಎಂದೆ.

“ನಾಳೆ ಬೆಳಿಗ್ಗೆ ಪ್ರಾಕ್ಟೀಸು. ನೆಟ್ಟಿನ ಮುಂದೆ ಎಸೀಲಿಕ್ಕೆ ನೀನೂ ಬರ್ಬೇಕು.”

“ಸೋತು ಬಂದವಳ ಜಂಬ ನೋಡು!” ಎಂದು ಬೈದು, ಪಾತ್ರೆಗೆ ನೀರು ಹೊಯ್ದು ಒಲೆ ಹಚ್ಚಿದೆ.