ಅಂಟುವ ಮಗ್ಗುಲು

ಕತ್ತಲಲ್ಲಿ ತುಂಗಾ ಫಿಲ್ಮಿನ ತುದಿಯನ್ನು ತುಟಿಯ ಹತ್ತಿರ ತಂದಳು. ಇನ್ನೊಂದು ಕೂದಲೆಳೆಯಷ್ಟು ಅಂತರವಿತ್ತು; ಅಲ್ಲಿಗೇ ಕೈ ನಿಂತಿತು. ಹೊರಗಿನಿಂದ ಸಹಪಾಠಿ ಕಿಟ್ಟು ಬಾಗಿಲು ಬಡಿದ. "ತುಂಗಾ, ಸೀಕ್ರಂ, ಬೇಗ ಬಾ. ಬಿಸಿಲು ಹೋಗತ್ತೆ." ಅವಳು ತುಟಿ ಬಿಟ್ಟು ಬೆರಳಿನಿಂದಲೇ ಎರಡೂ ಮಗ್ಗುಲು ಸವರಿ ನೋಡಿದಳು. ಬೆವೆತ ಬೆರಳಿಗೆ ಎರಡೂ ಒಂದೇ ಥರ ಹತ್ತಿದವು. ದೇವರ ಮೇಲೆ ಭಾರ ಹಾಕಿ ಒಂದನ್ನು ನಂಬಿ, ರೀಲನ್ನು ಕ್ಯಾಮೆರಾದ ಪೆಟ್ಟಿಗೆಗೆ ಏರಿಸಿ ಮುಚ್ಚಳ ಬಿಗಿದಳು.

ಇಂಥ ವಿಷಯಗಳಲ್ಲಿ ದೇವರು ಭಾರ ಹೊರುವುದಿಲ್ಲ. ಎರಡು ದಿನ ಬಿಟ್ಟು ಲ್ಯಾಬಿನಿಂದ ಬಂದ ಫಿಲ್ಮನ್ನು ಪರದೆಗೆ ಹಾಕಿದಾಗ, ಕಿಟ್ಟು ಕೊಳದ ಮೆಟ್ಟಿಲ ಮೇಲೆ ಇಡೀ ದಿನ ಬೆವರು ಸುರಿಸಿ ತೆಗೆದ ದೃಶ್ಯವೆಲ್ಲ ಗಂಜಿಯಲ್ಲಿ ಅದ್ದಿದಂತೆ ಮಂಕಾಗಿತ್ತು. ಮನುಷ್ಯರು ಯಾರು, ಮೆಟ್ಟಿಲು ಯಾವುದು ಎಂದು ಹೇಳುವಂತಿರಲಿಲ್ಲ. ಫಿಲ್ಮಿನ ಒಂದು ಮಗ್ಗುಲಿಗೆ ಮಾತ್ರ ಬೆಳಕು ಹಿಡಿಯುವ ಲೇಪವಿರುತ್ತದೆ. ತುಂಗಾ ಅದನ್ನು ಲೆನ್ಸಿಗೆ ಬೆನ್ನು ಮಾಡಿ ಕೂರಿಸಿದ್ದಳು.

ಮದ್ರಾಸಿನ ಕೀಲ್ಪಾಕಿನ ಹಳೆಯ ಬಂಗಲೆಯೊಂದರಲ್ಲಿ ನಡೆಯುತ್ತಿದ್ದ ಆ ಸಿನಿಮಾ ಶಾಲೆಗೆ ಡಿಗ್ರಿ ಆದವರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ತುಂಗಾ ಫಿಸಿಕ್ಸ್ ಬಿ.ಎಸ್‌ಸಿ. ಹನ್ನೊಂದು ಜನರ ಕ್ಯಾಮೆರಾ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಹೊಸ ಫಿಲ್ಮು ಸಿಗುವುದೇ ದುರ್ಲಭವಾಗಿದ್ದ ಕಾಲ ಅದು. ದೊಡ್ಡ ಸ್ಟುಡಿಯೋಗಳಲ್ಲಿ ಮಿಕ್ಕ ತುಂಡು ರೀಲುಗಳನ್ನು ತಂದು ಇವರ ಕೈಗೆ ಕೊಡುತ್ತಿದ್ದರು. ಅವುಗಳಲ್ಲಿ ಕೆಲವಕ್ಕೆ ಲೇಪ ಒಳಮುಖ, ಕೆಲವಕ್ಕೆ ಹೊರಮುಖ. ದೀಪ ಹಾಕಿದರೆ ಫಿಲ್ಮೇ ಹಾಳು. ಆದ್ದರಿಂದ ಕತ್ತಲಲ್ಲೇ ತುದಿಯನ್ನು ತುಟಿಗೆ ಸೋಕಿಸಿ ನೋಡುವುದು ಈ ಕಸುಬಿನವರ ರೂಢಿ. ಲೇಪದ ಮಗ್ಗುಲು ತುಟಿಗೆ ಅಂಟುತ್ತದೆ, ಇನ್ನೊಂದು ಜಾರುತ್ತದೆ.

ಮೊದಲ ತಿಂಗಳು ತುಂಗಾ ಕೂಡ ಹಾಗೇ ಮಾಡಿದ್ದಳು, ಒಂದು ಸಲವೂ ತಪ್ಪಿರಲಿಲ್ಲ. ಆಮೇಲೆ ಕಿಟ್ಟು ಪಠ್ಯಪುಸ್ತಕದ ಒಂದು ಪುಟ ಓದಿ ಹೇಳಿದ: ಆ ಲೇಪ ನಿಲ್ಲುವುದು ದನದ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟಿನಲ್ಲಿ. "ಎಲುಂಬು ಸಾರು ಕುಡಿಯೋಕೆ ಮೈಲಾಪೂರಿಂದ ಬಸ್ಸು ಹಿಡಿದು ಬರ್ತೀಯಲ್ಲ" ಎಂದು ನಕ್ಕ. ಅವನಿಗದು ತಮಾಷೆ. ತುಂಗಾ ಅವತ್ತು ಡಬ್ಬಿಯ ಮೊಸರನ್ನವನ್ನು ಹಾಗೇ ಮನೆಗೆ ವಾಪಸ್ಸು ತಂದಳು.

ಕ್ಯಾಮೆರಾ ವಿಭಾಗದ ಮುಖ್ಯಸ್ಥರು ಕೂಗಾಡುವ ಜಾತಿಯವರಲ್ಲ. ಕನ್ನಡಕ ಒರೆಸಿಕೊಳ್ಳುತ್ತ, "ಶುಕ್ರವಾರ ಮಧ್ಯಾಹ್ನ ಮೂರು ತುಂಡು ರೀಲು ಕೊಡುತ್ತೇನೆ. ಮೂರನ್ನೂ ಸರಿಯಾಗಿ ತುಂಬಬೇಕು. ಒಂದು ತಪ್ಪಿದರೂ ಈ ತರಗತಿ ಬಿಡಬೇಕಾಗುತ್ತದೆ" ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು.

ಕತ್ತಲೆ ಕೋಣೆಯ ಉಸ್ತುವಾರಿ ಸದಾನಂದರದು. ಕುಂದಾಪುರದ ಕಡೆಯವರು. ಅಣ್ಣನ ಹೋಟೆಲಿಗೆಂದು ಮದ್ರಾಸಿಗೆ ಬಂದವರು ಸ್ಟುಡಿಯೋ ಸೇರಿ, ಇಪ್ಪತ್ತು ವರ್ಷ ಕ್ಯಾಮೆರಾ ಹೊತ್ತು, ಈಗ ಇಲ್ಲಿ ಡಿಗ್ರಿಯವರಿಗೆ ಪಾಠ ಹೇಳುತ್ತಿದ್ದರು. ಅವರು ತುಂಗಾಳನ್ನು ಮೇಜಿನ ಎದುರು ಕೂರಿಸಿಕೊಂಡರು.

"ಎಂತ ಆದದ್ದು ನಿಮಗೆ? ಮೊದಲು ಸರಿ ಮಾಡ್ತಿದ್ರಲ್ಲ."

"ತುಟಿಗೆ ಇಟ್ಟುಕೊಳ್ಳೋಕೆ ಆಗ್ತಿಲ್ಲ ಸಾರ್" ಎಂದು ತುಂಗಾ ಎಲ್ಲವನ್ನೂ ಹೇಳಿದಳು. "ಹೊರಗಡೆ ಮನೆ ಡಬ್ಬಿ, ನೀರು ಬಿಟ್ಟು ಏನೂ ಬಾಯಿಗೆ ಸೋಕಿಸಲ್ಲ ಅಂತ ಅಜ್ಜಿಗೆ ಮಾತು ಕೊಟ್ಟಿದೀನಿ. ಅಪ್ಪ ಬೇಡ ಅಂದಾಗ ಅವರನ್ನ ಒಪ್ಪಿಸಿ ಕಳಿಸಿದ್ದೇ ಅಜ್ಜಿ."

ಸದಾನಂದರು ನಗುತ್ತಾರೆಂದು ಅವಳು ಅಂದುಕೊಂಡಿದ್ದಳು. ಅವರು ನಗಲಿಲ್ಲ. "ನನ್ನ ಅಮ್ಮನಿಗೆ ನಾನು ಇವತ್ತಿಗೂ ಹೇಳಲಿಲ್ಲ ಮಾರಾಯ್ರೆ" ಎಂದರು. "ಆದರೆ ಬೆರಳನ್ನು ಮಾತ್ರ ನಂಬಬೇಡಿ. ಬೆವರಿದ ಬೆರಳು ಸುಳ್ಳು ಹೇಳ್ತದೆ." ಬೆಳಕು ಬಿದ್ದು ಕೆಟ್ಟಿದ್ದ ಫಿಲ್ಮಿನಿಂದ ಒಂದು ಗೇಣು ಕತ್ತರಿಸಿ ಅವಳ ಕೈಗಿತ್ತರು. "ಮನೆಯಲ್ಲಿ ಅಭ್ಯಾಸ ಮಾಡಿ. ಅಜ್ಜಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು."

ಬಸ್ಸಿನಲ್ಲಿ ತುಂಗಾ ಆ ತುಂಡನ್ನು ಪುಸ್ತಕದೊಳಗೆ ಮುಚ್ಚಿಟ್ಟುಕೊಂಡೇ ಕೂತಳು. ಹೇಳದಿದ್ದರೆ ಶುಕ್ರವಾರ ಸೀಟು ಹೋಗುತ್ತದೆ. ಹೇಳಿದರೆ ಇವತ್ತೇ ಹೋಗಬಹುದು. ಮನೆಯಲ್ಲಿ ಅಪ್ಪ ತಿರುಮಲರಾಯರು ಆಫೀಸಿನಿಂದ ಬಂದು ಕಾಫಿ ಕುಡಿಯುತ್ತಿದ್ದರು. ಕೆಟ್ಟ ಸುದ್ದಿ ಅವಳಿಗಿಂತ ಮೊದಲೇ ಕಿಟ್ಟುವಿನ ಮನೆಯಿಂದ ಬಂದು ತಲುಪಿತ್ತು. ಮೈಲಾಪೂರಿನಲ್ಲಿ ಸುದ್ದಿಗೆ ಬಸ್ಸು ಬೇಕಿಲ್ಲ.

"ಬಿ.ಟಿ. ಫಾರಂ ತಂದಿದೀನಿ" ಎಂದರು ರಾಯರು. "ಬೈತಿಲ್ಲಮ್ಮಾ. ಟೀಚರ್ ಕೆಲಸ ಗೌರವದ್ದು. ಶುಕ್ರವಾರ ಆದಮೇಲೆ ಸೈನ್ ಮಾಡು, ಅಷ್ಟು ಸಾಕು, ಪೋದುಂ."

ಅಜ್ಜಿ ಅಮ್ಮಣ್ಣಿ ಹಿತ್ತಲ ಜಗಲಿಯಲ್ಲಿ ಕಂಬಕ್ಕೊರಗಿ ಬತ್ತಿ ಹೊಸೆಯುತ್ತಿದ್ದರು. ಎರಡು ಕಣ್ಣಿಗೂ ಪೊರೆ ಬಂದು, ಆಪರೇಷನ್ನಿಗೆ ಹೆದರಿ, ಎಲ್ಲವನ್ನೂ ಕೈಯಲ್ಲೇ ನೋಡುವುದನ್ನು ಕಲಿತಿದ್ದರು. ಶಾಲೆಗೆ ಸೇರುವ ಮೊದಲು ಮಗನ ಎದುರು ಮೊಮ್ಮಗಳ ಪರ ವಾದಿಸಿದ್ದು ಇದೇ ಅಮ್ಮಣ್ಣಿ. "ಕತ್ತಲೆ ಕೋಣೆ ಅಂತೀಯ, ಯಾರೂ ಒಳಗೆ ಬರೋ ಹಾಗಿಲ್ಲ ಅಂತೀಯ, ಯಾರೂ ಏನೂ ಮುಟ್ಟೋ ಹಾಗಿಲ್ಲ ಅಂತೀಯ. ನನ್ನ ಮಡಿಗಿಂತ ಕಟ್ಟುನಿಟ್ಟಾಗಿದೆಯಲ್ಲೋ" ಎಂದಿದ್ದರು.

ತುಂಗಾ ಎರಡು ಮಾರು ದೂರದಲ್ಲಿ ಕೂತು ಹೇಳತೊಡಗಿದಳು. ತುಟಿಯ ವಿಷಯ, ಮೂಳೆಯ ವಿಷಯ, ಗೊತ್ತಿಲ್ಲದೆ ಒಂದು ತಿಂಗಳು ಮಾತು ಮುರಿದ ವಿಷಯ, ಗೊತ್ತಾದ ಮೇಲೆ ತಪ್ಪಿದ ವಿಷಯ. ಹೇಳಿ ಮುಗಿಸುವ ಹೊತ್ತಿಗೆ ಅಳು ಬಂತು. "ನಂಗೆ ಈ ಕೆಲಸ ಬೇಕು ಅಜ್ಜಿ. ಬೇರೆ ಏನೂ ಬೇಡ" ಎಂದಳು.

ಅಜ್ಜಿಯ ಕೈ ಬತ್ತಿಯ ಮೇಲೆ ನಿಂತಿತ್ತು. ಒಳಗೆ ರಾಯರ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ದಿನಾ ಶಂಖದಲ್ಲಿ ತೀರ್ಥ ತೊಗೋತೀಯಲ್ಲ" ಎಂದರು ಅಜ್ಜಿ ಕೊನೆಗೆ. "ಶಂಖ ಏನು ಗಿಡದಲ್ಲಿ ಬಿಡತ್ತಾ? ಅದೂ ಒಂದು ಜೀವದ ಮೂಳೆನೇ."

"ಅದೂ ಇದೂ ಒಂದೇನಾ ಅಜ್ಜಿ?"

"ಒಂದು ಅಂತ ನಾನೆಲ್ಲಿ ಹೇಳಿದೆ? ಒಂದಲ್ಲ. ಬಾಯಿಗೆ ಇಡಕೂಡದು. ಮಾತು ಮಾತೇ." ಅಜ್ಜಿ ಕೈ ಚಾಚಿದರು. "ತಾ ಇಲ್ಲಿ, ಅದೇನದು ನೋಡ್ತೀನಿ."

"ಮಡಿಯಲ್ಲಿದೀರಿ."

"ಗೊತ್ತು. ಕೊಡು."

ತುಂಗಾ ಪುಸ್ತಕ ಬಿಚ್ಚಿ ತುಂಡನ್ನು ಕೊಟ್ಟಳು. ವಿದ್ಯೆಗೆ ಸಂಬಂಧಪಟ್ಟದ್ದು ಏನೇ ಕೈಗೆ ಬಂದರೂ ಅಜ್ಜಿಗೆ ಒಂದು ಅಭ್ಯಾಸವಿತ್ತು. ಪುಸ್ತಕವಾಗಲಿ, ಪರೀಕ್ಷೆಯ ಪೆನ್ನಾಗಲಿ, ಮೊದಲು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಇದನ್ನೂ ಒತ್ತಿಕೊಂಡರು. ಆಮೇಲೆ ಮುಖ ಸ್ವಲ್ಪ ಕಿವುಚಿ, ತುಂಡನ್ನು ತಿರುಗಿಸಿ ಇನ್ನೊಂದು ಕಣ್ಣಿಗೆ ಒತ್ತಿದರು. ಮತ್ತೆ ಮೊದಲಿನ ಹಾಗೆ ಹಿಡಿದರು.

"ಈ ಮಗ್ಗುಲು ರೆಪ್ಪೆಗೆ ಅಂಟತ್ತೆ" ಎಂದರು. "ಇದು ಜಾರತ್ತೆ. ತುಟಿ ಯಾಕೇ ಬೇಕು ನಿಮಗೆ?"

ತುಂಗಾ ತುಂಡನ್ನು ಇಸಿದುಕೊಂಡು ಕಣ್ಣು ಮುಚ್ಚಿ ರೆಪ್ಪೆಗೆ ಮುಟ್ಟಿಸಿದಳು. ಸಣ್ಣಗೆ ಎಳೆಯಿತು. ತಿರುಗಿಸಿದಳು, ಜಾರಿತು. ಮತ್ತೆ, ಮತ್ತೆ. ಹತ್ತು ಸಲ ಮಾಡಿದರೂ ಹತ್ತು ಸಲವೂ ನಿಜವೇ. ಅತ್ತ ಕಣ್ಣು ತೇವವಾಗಿದೆ, ಅದಕ್ಕೆ ಅಂಟುತ್ತಿದೆಯೇನೋ ಎಂಬ ಅನುಮಾನ ಬಂದು, ಮುಖ ತೊಳೆದು ಒರೆಸಿಕೊಂಡು ಬಂದು ಮತ್ತೆ ನೋಡಿದಳು. ಆಗಲೂ ಅಷ್ಟೇ.

"ಸರಿ, ಕುಣಿದದ್ದು ಸಾಕು" ಎಂದರು ಅಜ್ಜಿ. "ನೀರು ಕಾಯಿಸು. ನಾನು ಸ್ನಾನ ಮಾಡಬೇಕು."

ಶುಕ್ರವಾರ ಮಧ್ಯಾಹ್ನ ಕತ್ತಲೆ ಕೋಣೆ ಒಲೆಯ ಹಾಗೆ ಕಾದಿತ್ತು. ಬಾಗಿಲ ಆಚೆ ಮುಖ್ಯಸ್ಥರು, ಸದಾನಂದರು, ತಮಾಷೆ ನೋಡಲು ಬಂದ ಕಿಟ್ಟು. ತುಂಗಾ ಬಾಗಿಲು ಮುಚ್ಚಿಕೊಂಡಳು. ಮೊದಲ ಡಬ್ಬಿಯ ಮುಚ್ಚಳ ತೆಗೆದಳು. ತುದಿ ಹುಡುಕಿ, ಸೀರೆಯ ಸೆರಗಿನಿಂದ ಮುಖ ಒರೆಸಿ, ಕಣ್ಣಿಗೆ ಒತ್ತಿಕೊಂಡಳು. ಎಳೆಯಿತು. ಎರಡನೆಯದೂ ತಿಳಿಯಿತು. ಮೂರನೆಯದಕ್ಕೆ ಒಂದು ಮಗ್ಗುಲು ಅಂಟಿದಂತೆಯೂ ಆಯಿತು, ಅಂಟದಂತೆಯೂ ಆಯಿತು. ಹುಬ್ಬಿನಿಂದ ಬೆವರು ಇಳಿಯುತ್ತಿತ್ತು. ಭಯವಾಯಿತು. ಅಜ್ಜಿ ಮಾಡಿದಂತೆ ಇನ್ನೊಂದು ಕಣ್ಣಿಗೆ ಹಿಡಿದಳು. ಜಾರಿತು. ತಿರುಗಿಸಿದಳು. ಹಿಡಿದುಕೊಂಡಿತು.

ಮುಖ್ಯಸ್ಥರು, ಫಿಲ್ಮು ಕೆಟ್ಟರೂ ಸರಿಯೆಂದು, ಮೂರು ಪೆಟ್ಟಿಗೆಗಳನ್ನೂ ಬೆಳಕಿನಲ್ಲಿ ಬಿಚ್ಚಿದರು. ಒಂದನ್ನು ನೋಡಿದರು, ಎರಡನೆಯದನ್ನು ನೋಡಿದರು. ಮೂರನೆಯದರ ಮೇಲೆ ಉಗುರಿನಿಂದ ಗೀರಿ, ಲೇಪ ಪುಡಿಯಾಗಿ ಎದ್ದದ್ದನ್ನು ನೋಡಿ, ಕನ್ನಡಕ ತೆಗೆದರು. "ಸೋಮವಾರ ತರಗತಿಗೆ ತಡವಾಗಿ ಬರಬೇಡಿ" ಎಂದಷ್ಟೇ ಹೇಳಿ ಹೊರಟುಹೋದರು.

ಸದಾನಂದರು ಮಾತ್ರ ತುಂಗಾಳ ಮುಖವನ್ನೇ ನೋಡುತ್ತಿದ್ದರು. ಕುಂಕುಮ ಹುಬ್ಬಿನವರೆಗೂ ಹರಡಿತ್ತು. "ಎಂತ ಮಾಡಿದ್ರಿ ಒಳಗೆ?" ಎಂದು ಕೇಳಿದರು. ಅವಳು ಮಾಡಿ ತೋರಿಸಿದಳು. ಅವರು ತಾವೂ ಒಂದು ತುದಿ ತೆಗೆದುಕೊಂಡು ಕಣ್ಣು ಮುಚ್ಚಿ ರೆಪ್ಪೆಗೆ ಒತ್ತಿ ನೋಡಿದರು. "ಇಪ್ಪತ್ತು ವರ್ಷ ಆಯ್ತು ನನಗೆ ಈ ಕೆಲಸದಲ್ಲಿ" ಎಂದರು. ಆಮೇಲೆ ಮೂರನೆಯ ರೀಲಿನಿಂದ ಒಂದು ಗೇಣು ಕತ್ತರಿಸಿ ಕೊಟ್ಟರು. "ಅಜ್ಜಿಗೆ."

ತುಂಗಾ ಮನೆಗೆ ಬಂದಾಗ ಅಪ್ಪ ಇನ್ನೂ ಬಂದಿರಲಿಲ್ಲ. ಬಿ.ಟಿ. ಫಾರಂ ಮೇಜಿನ ಮೇಲೆ ಹಾಗೇ ಇತ್ತು. ಜಗಲಿಯಿಂದ ಅಜ್ಜಿ, "ತುಂಗಾನೇನೇ? ಏನಾಯ್ತು, ಹೇಳಬಾರದಾ?" ಎಂದು ಕೂಗಿದರು.

"ಬಂದೆ ಅಜ್ಜಿ" ಎಂದಳು. ಮೊದಲು ಬಚ್ಚಲಿಗೆ ಹೋಗಿ ಹಂಡೆ ತುಂಬಿಸಿ, ಒಲೆಗೆ ಎರಡು ಸೌದೆ ಇಟ್ಟು ಬೆಂಕಿ ಹಚ್ಚಿದಳು. ಅದು ಹತ್ತಿಕೊಂಡ ಮೇಲೆ ಜಗಲಿಗೆ ಬಂದು, ಪುಸ್ತಕದಿಂದ ಫಿಲ್ಮಿನ ತುಂಡನ್ನು ತೆಗೆದು ಅಜ್ಜಿಯ ಚಾಚಿದ ಕೈಯಲ್ಲಿಟ್ಟಳು.